ಎರಡು ಮಾತ್ರೆಗಳ ನಡುವಿನ ಮಾತು

ಭಾಷಾಂತರವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಕವಿತೆಯೇ ಎಲ್ಲಕ್ಕಿಂತ ಕಠಿಣವೆಂದು ಭಾವಿಸುವುದುಂಟು. ಔಷಧದ ಪೊಟ್ಟಣದಲ್ಲಿ ಮಡಿಚಿಟ್ಟ ಸಣ್ಣ ಅಕ್ಷರದ ಕಾಗದವನ್ನು ಒಮ್ಮೆ ಕನ್ನಡಕ್ಕೆ ತರಲು ಹೊರಟವರಿಗೆ ಆ ಭಾವನೆ ಉಳಿಯದು. ಕವಿತೆಯಲ್ಲಿ ಎಡವಿದರೆ ರಸಭಂಗ. ಇಲ್ಲಿ ಎಡವಿದರೆ ಜೀವಕ್ಕೇ ಸಂಚಕಾರ.

ವಯನಾಡು ಜಿಲ್ಲೆಯ ಸುಲ್ತಾನ್ ಬತ್ತೇರಿ ತಾಲ್ಲೂಕಿನಲ್ಲಿ ನೂಲ್ಪುಳ ಎಂಬ ಗ್ರಾಮ ಪಂಚಾಯಿತಿಯಿದೆ. ‘ನೂಲ್’ ಕನ್ನಡದ ನೂಲೇ; ‘ಪುಳ’ ಎಂದರೆ ಹೊಳೆ. ಮುತ್ತಂಗದ ಕಾಡು ಈ ಪಂಚಾಯಿತಿಯದು. ಒಂದು ಕಡೆ ಬಂಡೀಪುರ, ಇನ್ನೊಂದು ಕಡೆ ತಮಿಳುನಾಡಿನ ನೀಲಗಿರಿ. ಇಲ್ಲಿಯ ಕಾಟ್ಟುನಾಯಕರ ಮನೆಮಾತು ಕನ್ನಡಕ್ಕೆ ಬಹಳ ಹತ್ತಿರದ್ದು. ಗಡಿಯ ಈಚೆಗಿನ ಜೇನುಕುರುಬರ ನುಡಿಯೊಂದಿಗೆ ಅದಕ್ಕೆ ನಂಟಿದೆ.

ಇಲ್ಲಿಯ ಒಂದು ಹಾಡಿಯ, ಅರವತ್ತರ ಆಸುಪಾಸಿನ ಒಬ್ಬ ತಾಯಿಯನ್ನು ಕಲ್ಪಿಸಿಕೊಳ್ಳೋಣ. ಆಕೆಗೆ ಹತ್ತು ವರ್ಷಗಳಿಂದ ರಕ್ತದೊತ್ತಡವಿದೆ. ಮಾತ್ರೆ ಊರಿನ ಆರೋಗ್ಯ ಕೇಂದ್ರದಿಂದ ಬರುತ್ತದೆ. ಕಳೆದ ವರ್ಷ ಸ್ತನದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾಗಿ ಈಗ ದಿನಕ್ಕೊಂದು ಟ್ಯಾಮಾಕ್ಸಿಫೆನ್ ಮಾತ್ರೆ ಸೇರಿದೆ. ವೈದ್ಯರ ಚೀಟಿ ಇಂಗ್ಲಿಷಿನಲ್ಲಿದೆ, ತಿಳಿವಳಿಕೆ ಹೇಳಿದ್ದು ಮಲಯಾಳದಲ್ಲಿ. ಗುಂಡ್ಲುಪೇಟೆಯ ಕಡೆಗೆ ಕೊಟ್ಟ ಮಗಳು ಬಂದು ಕೇಳುತ್ತಾಳೆ: “ಅವ್ವಾ, ಇವೆರಡನ್ನೂ ಒಟ್ಟಿಗೆ ನುಂಗಬಹುದೇ?” ಈ ಪ್ರಶ್ನೆಗೆ ಉತ್ತರಿಸಲು ಕನ್ನಡದಲ್ಲಿ ಯಾವ ಮಾತಿದೆ ಎಂಬುದೇ ಈ ಪಾಠದ ವಿಷಯ.

ಮೊದಲು ವಸ್ತುವನ್ನು ತಿಳಿಯಬೇಕು. ವಸ್ತು ತಿಳಿಯದವನ ಅನುವಾದ ಬರಿಯ ಪದಜೋಡಣೆ. ಟ್ಯಾಮಾಕ್ಸಿಫೆನ್ 1962ರಲ್ಲಿ ಇಂಗ್ಲೆಂಡಿನಲ್ಲಿ, ಗರ್ಭನಿರೋಧಕವಾಗಲೆಂದು ತಯಾರಾದ ಪದಾರ್ಥ. ಆ ಕೆಲಸಕ್ಕೆ ಅದು ಒದಗಲಿಲ್ಲ, ಸ್ತನ ಕ್ಯಾನ್ಸರಿಗೆ ಒದಗಿತು. ಸಾಮಾನ್ಯವಾಗಿ ಐದು ವರ್ಷ, ಕೆಲವರಿಗೆ ಹತ್ತು ವರ್ಷವೂ ಅದನ್ನು ಕೊಡುತ್ತಾರೆ. ನುಂಗಿದ ಮಾತ್ರೆಯ ಒಂದು ಅಂಶವನ್ನು ಯಕೃತ್ತಿನ ಸಿವೈಪಿ 2ಡಿ6 ಎಂಬ ಕಿಣ್ವ ಎಂಡಾಕ್ಸಿಫೆನ್ ಎಂಬ ಹೆಚ್ಚು ಬಲದ ರೂಪಕ್ಕೆ ತಿರುಗಿಸುತ್ತದೆ. ಈ ಕಿಣ್ವವನ್ನು ತಡೆಯುವ ಔಷಧ ಜೊತೆಗಿದ್ದರೆ ಎಂಡಾಕ್ಸಿಫೆನ್ ಕಡಿಮೆಯಾಗುತ್ತದೆ. ಹಾಗೆ ತಡೆಯುವವುಗಳಲ್ಲಿ ಹೆಸರಾದವು ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲುವಾಕ್ಸೆಟಿನ್. ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ಬರೆಯುವ ಆಮ್ಲೊಡಿಪಿನ್, ಎನಲಾಪ್ರಿಲ್, ಟೆಲ್ಮಿಸಾರ್ಟಾನ್‌ಗಳಲ್ಲ. ಮೆಟೊಪ್ರೊಲಾಲ್ ಇದೇ ಕಿಣ್ವದಿಂದ ಕರಗುತ್ತದೆ ನಿಜ, ಆದರೆ ದಾರಿಯಲ್ಲಿ ನಡೆಯುವವನು ಬೇರೆ, ದಾರಿಗೆ ಬೇಲಿ ಹಾಕುವವನು ಬೇರೆ.

ಬೇಲಿ ಹಾಕುವ ರಕ್ತದೊತ್ತಡದ ಮಾತ್ರೆಗಳೂ ಇವೆ. ಡಿಲ್ಟಿಯಾಜೆಮ್, ವೆರಾಪಮಿಲ್‌ಗಳು ಸಿವೈಪಿ 3ಎ4 ಎಂಬ ಇನ್ನೊಂದು ಕಿಣ್ವವನ್ನು ತಡೆಯುತ್ತವೆ. ಸ್ತನ ಕ್ಯಾನ್ಸರಿನ ಹೊಸ ಔಷಧಗಳಲ್ಲೊಂದಾದ ಅಬೆಮಾಸಿಕ್ಲಿಬ್ ಕರಗುವುದು ಈ ಕಿಣ್ವದಿಂದಲೇ. ಆದ್ದರಿಂದ ಅದು ರಕ್ತದಲ್ಲಿ ಏರುತ್ತದೆ, ವೈದ್ಯರು ಪ್ರಮಾಣವನ್ನು ಇಳಿಸಬೇಕಾಗಬಹುದು. ರೈಬೋಸಿಕ್ಲಿಬ್‌ನದು ತಿರುಗುಮುರುಗು: ಅದೇ ಈ ಕಿಣ್ವವನ್ನು ತಡೆದು ಆಮ್ಲೊಡಿಪಿನ್‌ನಂಥ ಮಾತ್ರೆಯ ಬಲವನ್ನು ಹೆಚ್ಚಿಸಬಲ್ಲದು, ಆಗ ರಕ್ತದೊತ್ತಡ ಬೇಕಾದುದಕ್ಕಿಂತ ಕೆಳಗಿಳಿದು ತಲೆ ತಿರುಗೀತು. ಈ ಕಿಣ್ವದ ಕಥೆಯಲ್ಲಿ ಹಣ್ಣೂ ಒಂದು ಪಾತ್ರ. 1989ರಲ್ಲಿ ಕೆನಡಾದ ಸಂಶೋಧಕರು ಫೆಲೋಡಿಪಿನ್ ಎಂಬ ರಕ್ತದೊತ್ತಡದ ಮಾತ್ರೆಯನ್ನು ಮದ್ಯದೊಡನೆ ಪರೀಕ್ಷಿಸುವಾಗ, ಮದ್ಯದ ರುಚಿ ಮರೆಮಾಡಲು ಗ್ರೇಪ್‌ಫ್ರೂಟ್ ರಸ ಬೆರೆಸಿದರು. ಔಷಧ ರಕ್ತದಲ್ಲಿ ನಿರೀಕ್ಷೆಗಿಂತ ಬಹಳ ಮೇಲೇರಿತು. ಕಾರಣ ಮದ್ಯವಲ್ಲ, ರಸ. ನಮ್ಮ ಚಕ್ಕೋತ ಆ ಹಣ್ಣಿನ ಹಿರಿಯ ಬಂಧು.

ಇನ್ನು ಪದಗಳಿಗೆ ಬರೋಣ. ಗಡಿಭಾಗದ ಭಾಷೆಗಳು ರೋಗಕ್ಕೆ ಹೆಸರಿಡುವುದರಲ್ಲಿ ಹಿಂದೆ ಬಿದ್ದಿಲ್ಲ. ಮರಾಠಿಯ ‘ರಕ್ತದಾಬ’, ಮಲಯಾಳದ ‘ರಕ್ತಸಮ್ಮರ್ದಂ’, ಕನ್ನಡದ ‘ರಕ್ತದೊತ್ತಡ’ ಮೂರೂ ಒತ್ತುವ ಕ್ರಿಯೆಯಿಂದಲೇ ಹುಟ್ಟಿವೆ. ಕ್ಯಾನ್ಸರನ್ನು ಮರಾಠಿ ‘ಕರ್ಕರೋಗ’ ಎಂದರೆ ಹಳೆಯ ಕನ್ನಡ ಬರಹಗಾರರು ‘ಏಡಿಗಂತಿ’ ಎಂದರು, ಎರಡರಲ್ಲೂ ಏಡಿಯಿದೆ. ತೊಡಕಿರುವುದು ರೋಗದ ಹೆಸರಿನಲ್ಲಲ್ಲ, ಎರಡು ಔಷಧಗಳ ನಡುವೆ ನಡೆಯುವ ಸಂಗತಿಯ ಹೆಸರಿನಲ್ಲಿ. ‘ಅಡ್ಡಪರಿಣಾಮ’ ಎಂದರೆ ಅದು ಒಂದೇ ಔಷಧದ್ದು. ‘ಪ್ರತಿಕ್ರಿಯೆ’ ಎಂದರೆ ಕೇಳುವವರ ಕಣ್ಣಿಗೆ ಮೈಮೇಲೆದ್ದ ದದ್ದು ಬರುತ್ತದೆ. ‘ಅಂತರಕ್ರಿಯೆ’ ಅರ್ಥದಲ್ಲಿ ಸರಿ, ಆದರೆ ಯಾರ ಬಾಯಲ್ಲೂ ಇಲ್ಲದ ಪದ. ಆಯುರ್ವೇದದ ‘ವಿರುದ್ಧ’ ಹತ್ತಿರ ಬರುತ್ತದೆ: ಜೇನೂ ಒಳ್ಳೆಯದು, ತುಪ್ಪವೂ ಒಳ್ಳೆಯದು, ಸಮತೂಕದಲ್ಲಿ ಕೂಡಿದರೆ ವರ್ಜ್ಯ ಎಂಬ ಕಲ್ಪನೆ ನಮ್ಮಲ್ಲಿ ಹಳೆಯದು. ಜನರ ಬಾಯಲ್ಲಿ ಅದೇ ‘ಒಂದಕ್ಕೊಂದು ಆಗಿಬರುವುದಿಲ್ಲ’ ಎಂದಾಗಿದೆ.

ಆದರೆ ಈ ಸುಂದರವಾದ ಮಾತೇ ಇಲ್ಲಿ ಅಪಾಯಕಾರಿ. ‘ಆಗಿಬರುವುದಿಲ್ಲ’ ಎಂದು ಕೇಳಿದ ತಾಯಿ ಏನು ಮಾಡುತ್ತಾಳೆ? ಕ್ಯಾನ್ಸರಿನ ಮಾತ್ರೆ ದೊಡ್ಡದೆಂದು ಉಳಿಸಿಕೊಂಡು ರಕ್ತದೊತ್ತಡದ್ದನ್ನು ಬಿಡುತ್ತಾಳೆ. ಅಟೆನೊಲಾಲ್, ಮೆಟೊಪ್ರೊಲಾಲ್ ವರ್ಗದವನ್ನು ಥಟ್ಟನೆ ಬಿಟ್ಟರೆ ಒತ್ತಡ ಮೇಲೇರಿ ಎದೆನೋವು ಕಾಣಿಸಬಹುದು. ಡಾಕ್ಸೊರುಬಿಸಿನ್, ಟ್ರಾಸ್ಟುಜುಮಾಬ್ ಪಡೆದವರ ಹೃದಯಕ್ಕಂತೂ ರಕ್ತದೊತ್ತಡ ಹತೋಟಿಯಲ್ಲಿರುವುದು ಇನ್ನೂ ಮುಖ್ಯ. ಹೆಚ್ಚಿನ ಜೋಡಿಗಳು ಕೂಡಿ ಬಾಳಬಲ್ಲವು. ಕೆಲವಕ್ಕೆ ಪ್ರಮಾಣ ಬದಲಾಗಬೇಕು, ಕೆಲವಕ್ಕೆ ಮಾತ್ರೆಯೇ ಬದಲಾಗಬೇಕು. ಅದನ್ನು ತೀರ್ಮಾನಿಸುವವರು ವೈದ್ಯರು.

ವ್ಯಾಕರಣ ಕೈಹಿಡಿಯುವುದು ಇಲ್ಲಿ. ‘ಅಂತರಕ್ರಿಯೆ’ ಎಂಬ ನಾಮಪದ ಕರ್ತೃವನ್ನೂ ಕರ್ಮವನ್ನೂ ನುಂಗಿಬಿಟ್ಟಿದೆ. ಅವನ್ನು ಹೊರತೆಗೆದು ವಾಕ್ಯ ಕಟ್ಟಬೇಕು: ಯಾವ ಮಾತ್ರೆ, ಯಾವುದರ ಬಲವನ್ನು, ಹೆಚ್ಚಿಸುತ್ತದೆಯೋ ಕುಗ್ಗಿಸುತ್ತದೆಯೋ. ‘ಸಹಸೇವಿತ ಔಷಧಗಳ ಪ್ರತಿಕೂಲ ಅಂತರಕ್ರಿಯೆಯ ಸಂಭವವಿರುವುದರಿಂದ ಎಚ್ಚರ ವಹಿಸತಕ್ಕದ್ದು’ ಎಂಬ ಕಚೇರಿಗನ್ನಡದಲ್ಲಿ ದೋಷವಿಲ್ಲ, ದಾರಿಯೂ ಇಲ್ಲ. ಅದನ್ನೇ ಹೀಗೆ ಹೇಳಬಹುದು: “ಅವ್ವಾ, ಎರಡು ಮಾತ್ರೆಗಳನ್ನೂ ನೀವಾಗಿ ನಿಲ್ಲಿಸಬೇಡಿ. ಕೆಲವು ಮಾತ್ರೆಗಳು ಈ ಕ್ಯಾನ್ಸರ್ ಮಾತ್ರೆಯ ಬಲ ಕುಗ್ಗಿಸುತ್ತವೆ. ಯಾರು ಹೊಸ ಮಾತ್ರೆ ಕೊಟ್ಟರೂ, ನಾಟಿ ಮದ್ದು ಕೊಟ್ಟರೂ, ನುಂಗುವ ಮೊದಲು ಈ ಚೀಟಿ ತೋರಿಸಿ ಕೇಳಿ.”

ಕೊನೆಯ ವಾಕ್ಯದ ‘ಮದ್ದು’ ಪದವನ್ನು ಗಮನಿಸಬೇಕು. ಹಳಗನ್ನಡದ ‘ಮರ್ದು’, ತಮಿಳಿನ ‘ಮರುಂದು’, ಮಲಯಾಳದ ‘ಮರುನ್ನು’ ಒಂದೇ ಬೇರಿನವು. ನೂಲ್ಪುಳದ ತಾಯಿಗೆ ಯಾವ ಕಡೆಯಿಂದ ಹೇಳಿದರೂ ಅರ್ಥವಾಗುವ ಪದ. ಕನ್ನಡದಲ್ಲಿ ಮಾತ್ರ ‘ಮದ್ದು ಹಾಕಿದರು’ ಎಂದರೆ ವಿಷವಿಟ್ಟರು ಎಂದಾಗುತ್ತದೆ. ಆದ್ದರಿಂದ ‘ಮದ್ದು ಕೊಡು’ ಎನ್ನಬಹುದು, ‘ಮದ್ದು ಹಾಕು’ ಎನ್ನುವಂತಿಲ್ಲ.

ಅಭ್ಯಾಸ: ಮನೆಯ ಹಿರಿಯರೊಬ್ಬರ ಮಾತ್ರೆಯ ಪೊಟ್ಟಣದಲ್ಲಿರುವ ಕಾಗದದಿಂದ, ಬೇರೆ ಔಷಧಗಳ ಜೊತೆ ಸೇವನೆಗೆ ಸಂಬಂಧಿಸಿದ ಒಂದು ಕಂಡಿಕೆಯನ್ನು ಆರಿಸಿ ಐದು ವಾಕ್ಯಗಳಲ್ಲಿ ಕನ್ನಡಕ್ಕೆ ತನ್ನಿ. ಪ್ರತಿ ವಾಕ್ಯದಲ್ಲೂ ಕರ್ತೃ, ಕರ್ಮಗಳಿಗೆ ಗೆರೆ ಎಳೆಯಿರಿ. ಬಳಿಕ ಅದನ್ನು ಆ ಹಿರಿಯರಿಗೆ ಓದಿ ಹೇಳಿ, ಅವರು ಏನು ಅರ್ಥಮಾಡಿಕೊಂಡರೆಂದು ಅವರದೇ ಮಾತಿನಲ್ಲಿ ಬರೆದು ತನ್ನಿ.