ಬ್ರೂಕ್ಲಿನ್ ಡಾಜರ್ಸ್ ತಂಡದ 1947ರ ಋತು

ಬೇಸ್‌ಬಾಲ್ ಅಮೆರಿಕನ್ನರ ಅಚ್ಚುಮೆಚ್ಚಿನ ಕ್ರೀಡೆ. ಆದರೆ ಅದರ ಪ್ರಧಾನ ಲೀಗುಗಳಲ್ಲಿ ಸುಮಾರು ಅರವತ್ತು ವರ್ಷ ಕಪ್ಪುವರ್ಣೀಯರಿಗೆ ಪ್ರವೇಶವಿರಲಿಲ್ಲ. ಲಿಖಿತ ನಿಯಮವಿಲ್ಲದಿದ್ದರೂ ಮಾಲಿಕರ ಒಳ ಒಪ್ಪಂದವೇ ಬಾಗಿಲು ಮುಚ್ಚಿತ್ತು. ಅದನ್ನು ತೆರೆದವರು ಡಾಜರ್ಸ್ ತಂಡದ ಅಧ್ಯಕ್ಷ ಬ್ರಾಂಚ್ ರಿಕಿ.

1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಎಬೆಟ್ಸ್ ಫೀಲ್ಡ್ ಅಂಗಳಕ್ಕಿಳಿದರು. ಅದಕ್ಕೂ ಮುನ್ನವೇ ಸ್ವಂತ ತಂಡದ ಕೆಲವರು ಅವರನ್ನು ವಿರೋಧಿಸಿದ್ದರು. ಎದುರಾಳಿಗಳು ನಿಂದಿಸಿದರು, ಬೆದರಿಕೆಯ ಪತ್ರಗಳು ಬಂದವು. ರಿಕಿಯವರಿಗೆ ಕೊಟ್ಟ ಮಾತಿನಂತೆ ರಾಬಿನ್ಸನ್ ಪ್ರತೀಕಾರಕ್ಕೆಳಸದೆ ಆಟದಿಂದಲೇ ಉತ್ತರಿಸಿದರು. ಆ ಋತುವಿನಲ್ಲಿ ಅವರು 125 ಓಟಗಳನ್ನು ಗಳಿಸಿದರು; 29 ಬಾರಿ ಎದುರಾಳಿಯ ಕಣ್ತಪ್ಪಿಸಿ ಮುಂದಿನ ಬೇಸ್ ಸೇರಿದರು.

94 ಪಂದ್ಯಗಳನ್ನು ಗೆದ್ದ ಡಾಜರ್ಸ್ ನ್ಯಾಷನಲ್ ಲೀಗಿನಲ್ಲಿ ಅಗ್ರಸ್ಥಾನ ಪಡೆಯಿತು. ವಿಶ್ವ ಸರಣಿಯಲ್ಲಿ ಯಾಂಕೀಸ್ ತಂಡಕ್ಕೆ 3–4ರಿಂದ ಸೋತಿತು. ಆದರೆ ತೆರೆದ ಬಾಗಿಲು ಮತ್ತೆ ಮುಚ್ಚಲಿಲ್ಲ. ವಿದ್ಯಾರ್ಥಿಗಳೇ, ಮನುಷ್ಯನನ್ನು ಅಳೆಯಬೇಕಾದುದು ಹುಟ್ಟಿನಿಂದಲ್ಲ, ಕಾಯಕದಿಂದ ಎಂಬುದಕ್ಕೆ ಈ ಋತುವೇ ಸಾಕ್ಷಿ.