ನೋವಿನ ಮಾತ್ರೆ ಚಟವಾಗಿಬಿಡುತ್ತದೆಯೇ?

ಪ್ರಶ್ನೆ: ವಯಸ್ಸು 46. ಗಡ್ಡೆಗಳಿದ್ದವೆಂದು ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದು ಐದು ದಿನವಾಯಿತು. ಮೊದಲ ದಿನ ಮಾರ್ಫಿನ್ ಕೊಟ್ಟಿದ್ದರಂತೆ, ಮನೆಗೆ ಟ್ರಾಮಡಾಲ್ ಬರೆದಿದ್ದಾರೆ. ಅದು ಅಫೀಮಿನ ಜಾತಿಯದೆಂದು ಮಗ ಹೇಳಿದಾಗಿನಿಂದ ಮುಟ್ಟಿಲ್ಲ. ‘ನಾವೇನು ಮಾತ್ರೆ ನುಂಗಿ ಹೆತ್ತೆವಾ?’ ಎನ್ನುತ್ತಾರೆ ಅತ್ತೆ. ನಿದ್ದೆಯಿಲ್ಲ, ಕೆಮ್ಮಲೂ ಹೆದರಿಕೆ.

ಉತ್ತರ: ಪದರ ಪದರವಾಗಿ ಕೊಯ್ದು ಹೊಲಿದ ಹೊಟ್ಟೆ ಐದನೇ ದಿನ ನೋಯದೆ ಇರುತ್ತದೆಯೇ? ನಿಮ್ಮ ಮನಸ್ಸು ಅಳುಕಿದೆ ಎಂದು ನಾಚಬೇಡಿ. ಭಯಕ್ಕೂ ಕಾರಣವಿದೆ. ಟ್ರಾಮಡಾಲ್ ಚಟವಾಗಬಲ್ಲ ಔಷಧಿಯೇ. 2018ರಲ್ಲಿ ಅದನ್ನು ಮಾದಕವಸ್ತು ಕಾಯ್ದೆಯಡಿ ತಂದರು. ಆದರೆ ವೈದ್ಯರು ಹೇಳಿದಷ್ಟೇ, ನೋವಿಗೆಂದೇ, ಕೆಲವೇ ದಿನ ತೆಗೆದುಕೊಂಡ ಹೆಚ್ಚಿನವರಿಗೆ ಅದು ಅಂಟಿಕೊಳ್ಳುವುದಿಲ್ಲ. ಅತ್ತೆಯವರ ಮೇಲೂ ಬೇಸರ ಬೇಡ. ಅವರ ಕಾಲದಲ್ಲಿ ‘ನೋಯುತ್ತಿದೆಯಾ’ ಎಂದು ಕೇಳಿದವರೇ ಕಡಿಮೆ.

ನೋವು ತಡೆದುಕೊಳ್ಳಬಲ್ಲೆನೇ ಎಂದು ನಿಮ್ಮನ್ನು ಪರೀಕ್ಷಿಸಿಕೊಳ್ಳುವುದು ಬಿಡಿ. ಎದ್ದು ಬಚ್ಚಲಿಗೆ ಹೋಗಿಬರಲು, ಆಳವಾಗಿ ಉಸಿರೆಳೆಯಲು, ಕೆಮ್ಮಲು ಆಗುತ್ತಿದೆಯೇ ನೋಡಿ. ಮಲಗಿಯೇ ಇದ್ದರೆ ಕಾಲಿನ ರಕ್ತ ಹೆಪ್ಪುಗಟ್ಟಬಹುದು, ಕೆಮ್ಮದಿದ್ದರೆ ಎದೆಯಲ್ಲಿ ಕಫ ಕಟ್ಟಬಹುದು. ಕೆಮ್ಮುವಾಗ ದಿಂಬನ್ನು ಹೊಲಿಗೆಯ ಮೇಲೆ ಒತ್ತಿ ಹಿಡಿಯಿರಿ.

ಮಾರ್ಫಿನ್ ಬಲವಾದದ್ದು, ಉಸಿರಾಟ ನಿಧಾನಿಸಬಲ್ಲದು, ಆದ್ದರಿಂದಲೇ ನರ್ಸ್ ಕಣ್ಣೆದುರು ಕೊಡುತ್ತಾರೆ. ಟ್ರಾಮಡಾಲ್ ಅದಕ್ಕಿಂತ ಸೌಮ್ಯ. ಲಿವರ್‌ನಲ್ಲಿ ಮಾರ್ಪಟ್ಟ ಮೇಲೆಯೇ ಅದಕ್ಕೆ ಪೂರ್ತಿ ಬಲ ಬರುವುದು, ಆ ಕೆಲಸ ಒಬ್ಬೊಬ್ಬರ ದೇಹದಲ್ಲಿ ಒಂದೊಂದು ರೀತಿ. ಪಕ್ಕದ ಹಾಸಿಗೆಯವರಿಗೆ ಹಿಡಿಸಿದ್ದು ನಿಮಗೆ ಬರೀ ವಾಕರಿಕೆ ತರಬಹುದು. ಫಿಟ್ಸ್ ಇದ್ದರೆ, ಖಿನ್ನತೆಯ ಮಾತ್ರೆ ನುಂಗುತ್ತಿದ್ದರೆ, ಹಿಂದೆ ಯಾವುದಾದರೂ ಚಟವಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ.

ಇವತ್ತೇ ಅವರಿಗೆ ಫೋನ್ ಮಾಡಿ, ಮಾತ್ರೆ ಬಿಟ್ಟಿದ್ದನ್ನು ಹೇಳಿ. ಬೈಸಿಕೊಳ್ಳುವ ವಿಷಯವಲ್ಲ ಇದು. ಪ್ಯಾರಾಸಿಟಮಾಲನ್ನು ಹೊತ್ತುಹೊತ್ತಿಗೆ ತೆಗೆದುಕೊಂಡು, ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇಲ್ಲದಿದ್ದರೆ ಐಬುಪ್ರೊಫೆನ್‌ನಂಥದ್ದನ್ನು ಸೇರಿಸಿ, ಅದನ್ನೂ ಮೀರಿದ ನೋವಿಗೆ ಮಾತ್ರ ಟ್ರಾಮಡಾಲ್ ಇಟ್ಟುಕೊಳ್ಳಬಹುದೇ ಎಂದು ಕೇಳಿ. ಸ್ಟ್ರಿಪ್ಪನ್ನು ತಿರುಗಿಸಿ ಓದಿ: 37.5/325 ಎಂದಿದ್ದರೆ ಅದರೊಳಗೇ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದೆ, ಲೆಕ್ಕಕ್ಕೆ ಸೇರಿಸಿ. ಮಲಬದ್ಧತೆಗೆ ಔಷಧಿಯನ್ನು ಮೊದಲೇ ಬರೆಸಿಕೊಳ್ಳಿ. ಮುಕ್ಕಿದಾಗ ಹೊಲಿಗೆ ಎಳೆಯುವ ನೋವಿದೆಯಲ್ಲ, ಅದನ್ನು ಹೇಳಿಕೊಳ್ಳಲು ಹೆಂಗಸರು ವೃಥಾ ಸಂಕೋಚಪಡುತ್ತಾರೆ.

ಜ್ವರ, ದಿನೇದಿನೇ ಏರುವ ನೋವು, ಒಂದೇ ಮೀನಖಂಡದಲ್ಲಿ ಬಾವು, ವಾಸನೆಯ ಸ್ರಾವ, ಎಬ್ಬಿಸಿದರೂ ಏಳದಂಥ ಮಂಪರು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ. ನೋವು ಇಳಿದ ಮೇಲೂ ಮಾತ್ರೆ ಬೇಕೆನಿಸಿದರೆ ವೈದ್ಯರಿಗೆ ತಿಳಿಸಿ. ಮನಸ್ಸು ಕುಗ್ಗಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ. ಉಳಿದ ಮಾತ್ರೆಗಳನ್ನು ಮುಂದಿನ ಸಲ ಯಾರದೋ ಮುಟ್ಟಿನ ನೋವಿಗೆ ಆಗಲಿ ಎಂದು ಡಬ್ಬಿಯಲ್ಲಿ ಇಡಬೇಡಿ. ಹೇಗೆ ವಿಲೇವಾರಿ ಮಾಡುವುದೆಂದು ಔಷಧಿ ಅಂಗಡಿಯವರನ್ನೇ ಕೇಳಿ.