ಓಟಕ್ಕೂ ಬೇಕು ಊಟ

(ಸ್ವಸಹಾಯ ಸಂಘಗಳ ಮತ್ತು ಯುವತಿ ಗುಂಪುಗಳ ತಿಂಗಳ ಸಭೆಗೆ ಪಾಠ)



ಒಂದು ಸಂಘದ ಸಭೆ ಮುಗಿದ ಮೇಲೆ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದರು. "ಸಿಸ್ಟರ್, ಮಗಳಿಗೆ ಮೂರು ತಿಂಗಳಿಂದ ಮುಟ್ಟಾಗಿಲ್ಲ. ಕೇಳಿದ್ರೆ ಅಳ್ತಾಳೆ. ನಂಗೆ ಏನೇನೋ ಅನುಮಾನ" ಎಂದರು. ಅವರ ದನಿ ನಡುಗುತ್ತಿತ್ತು.

ಮಾರನೇ ದಿನ ಹುಡುಗಿಯನ್ನು ಕೂರಿಸಿಕೊಂಡು ಮಾತಾಡಿದೆ, ವೈದ್ಯರ ಬಳಿಗೂ ಕರೆದುಕೊಂಡು ಹೋದೆ. ತಾಯಿ ಹೆದರಿದಂಥದ್ದು ಏನೂ ಇರಲಿಲ್ಲ. ಹತ್ತೊಂಬತ್ತು ವರ್ಷದ ಆಕೆ ಕೇಂದ್ರ ಪಡೆಗಳ ಕಾನ್‌ಸ್ಟೇಬಲ್ ಭರ್ತಿಗೆ ತಯಾರಿ ನಡೆಸಿದ್ದಳು. 1.6 ಕಿಲೋಮೀಟರನ್ನು ಎಂಟೂವರೆ ನಿಮಿಷದೊಳಗೆ ಓಡಬೇಕಿತ್ತು. ಮೈ ಹಗುರಾದರೆ ಓಟ ಜೋರಾಗುತ್ತದೆ ಎಂದು ಯಾರೋ ಹೇಳಿದ್ದರು. ಅನ್ನ ಬಿಟ್ಟಳು, ಮುದ್ದೆ ಬಿಟ್ಟಳು, ಕೊನೆಗೆ ರಾತ್ರಿ ಊಟವನ್ನೇ ಬಿಟ್ಟಳು. ಬೆಳಗ್ಗೆ ಐದಕ್ಕೆ ಬರೀ ಕಪ್ಪು ಟೀ ಕುಡಿದು ಮೈದಾನಕ್ಕೆ ಹೋಗುತ್ತಿದ್ದಳು. ಮೊದಲ ತಿಂಗಳು ಓಟ ಸುಧಾರಿಸಿತು, ಆಮೇಲೆ ನಿಧಾನವಾಗುತ್ತಾ ಬಂತು. ನಿಧಾನವಾದಷ್ಟೂ ಊಟ ಇನ್ನೂ ಕಡಿಮೆ ಮಾಡಿದಳು. "ಹಬ್ಬದ ದಿನ ಒಂದು ಹೋಳಿಗೆ ತಿಂದೆ ಸಿಸ್ಟರ್. ತಪ್ಪು ಮಾಡ್ದಂಗೆ ಅನ್ನಿಸ್ತು. ಮಾರನೇ ದಿನ ನಾಲ್ಕು ಸುತ್ತು ಜಾಸ್ತಿ ಓಡಿದೆ" ಎಂದಳು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8.6 ಇತ್ತು. ಗರ್ಭಿಣಿಯಲ್ಲದ ಹೆಣ್ಣಿಗೆ ಅದು ಕನಿಷ್ಠ 12 ಇರಬೇಕು.

ಹಸಿದ ದೇಹ ಏನು ಮಾಡುತ್ತದೆ?

ಮನೆಯ ವರಮಾನ ಕಡಿಮೆಯಾದಾಗ ನಾವೇನು ಮಾಡುತ್ತೇವೆ? ಅಕ್ಕಿ, ಔಷಧಿಗೆ ಮೊದಲು ಎತ್ತಿಡುತ್ತೇವೆ. ಮನೆ ರಿಪೇರಿಯನ್ನು ಮುಂದೂಡುತ್ತೇವೆ. ದೇಹದ ಲೆಕ್ಕವೂ ಹಾಗೇ. ವ್ಯಾಯಾಮಕ್ಕೆ ತಕ್ಕ ಊಟ ಸಿಗದಿದ್ದರೆ ಹೃದಯ, ಮೆದುಳಿಗೆ ಮೊದಲು ಕೊಡುತ್ತದೆ. ಮುಟ್ಟನ್ನು ನಿಲ್ಲಿಸುತ್ತದೆ, ಮೂಳೆಯ ರಿಪೇರಿಯನ್ನು ಮುಂದೂಡುತ್ತದೆ, ಮಾಂಸಖಂಡವನ್ನೇ ಕರಗಿಸಿ ಉರಿಸುತ್ತದೆ. ರಕ್ತ ಕಡಿಮೆಯಾದರೆ ಕಾಲಿಗೆ ಆಮ್ಲಜನಕ ಸಾಲದು, ಏದುಸಿರು ಬರುತ್ತದೆ. ಈ ಹುಡುಗಿಯ ಓಟ ಬಿದ್ದದ್ದು ಸೋಮಾರಿತನದಿಂದಲ್ಲ, ಹಸಿವಿನಿಂದ.

ನಮ್ಮಲ್ಲಿ ಈ ಅಪಾಯ ಹೆಚ್ಚು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ.

ಹಸಿವು ಮನಸ್ಸನ್ನೂ ಹಿಡಿಯುತ್ತದೆ

1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿ ಒಪ್ಪಿ ಬಂದ 36 ಆರೋಗ್ಯವಂತ ಯುವಕರಿಗೆ ಸುಮಾರು ಆರು ತಿಂಗಳು ಅರ್ಧ ಹೊಟ್ಟೆ ಊಟ ಕೊಟ್ಟರು. ಯುದ್ಧದಲ್ಲಿ ಹಸಿದ ಜನರಿಗೆ ಹೇಗೆ ಚೇತರಿಕೆ ಕೊಡಬೇಕೆಂದು ತಿಳಿಯುವುದು ಉದ್ದೇಶ. ಆ ಯುವಕರು ಹಗಲೂ ರಾತ್ರಿ ಊಟದ ಬಗ್ಗೆಯೇ ಯೋಚಿಸತೊಡಗಿದರು. ಅಡುಗೆ ಪುಸ್ತಕಗಳನ್ನು ಕೂಡಿಟ್ಟುಕೊಂಡವರೂ ಇದ್ದರು. ಸಿಡುಕು, ಬೇಸರ, ಒಂಟಿತನ ಹೆಚ್ಚಿತು. ಊಟ ಸಿಕ್ಕ ಮೇಲೆ ಕೆಲವರಿಗೆ ಎಷ್ಟು ತಿಂದರೂ ಸಾಲದಾಯಿತು.

ಹಾಗಾಗಿ, ವಾರವಿಡೀ ಬಿಗಿ ಹಿಡಿದು ಭಾನುವಾರ ಬಕಬಕ ತಿಂದವಳಿಗೆ "ನಿಂಗೆ ಬಾಯಿ ಕಟ್ಟೋಕೆ ಆಗಲ್ಲ" ಎಂದು ಬೈಯಬೇಡಿ. ಅದು ಹಸಿದ ದೇಹ ಕೇಳುವ ಬಾಕಿ. ತಿಂದದ್ದಕ್ಕೆ ದಂಡ ಕಟ್ಟುವಂತೆ ಓಡಿದರೆ ಊಟವೂ ಬೇಡವಾಗುತ್ತದೆ, ಓಟವೂ ಬೇಡವಾಗುತ್ತದೆ.

ತೂಕ ಇಳಿಸುವುದೇ ತಪ್ಪು ಎಂದು ಹೇಳುತ್ತಿಲ್ಲ. ಸಕ್ಕರೆ ಕಾಯಿಲೆ, ಬಿ.ಪಿ. ಇರುವ ನಮ್ಮಲ್ಲಿ ಅನೇಕರಿಗೆ ಅದು ಬೇಕು. ಆದರೆ ವೈದ್ಯರನ್ನು ಕೇಳಿ, ವಾರಕ್ಕೆ ಅರ್ಧ ಕಿಲೋದಂತೆ ನಿಧಾನವಾಗಿ ಇಳಿಸಿ. ಊಟ ಬಿಟ್ಟು ಬೇಡ.

ತಟ್ಟೆಯಲ್ಲಿ ಏನಿರಲಿ?

• ಓಡುವ ಮುಂಚೆ ಒಂದು ಬಾಳೆಹಣ್ಣು, ಓಡಿ ಬಂದ ಮೇಲೆ ಹೊಟ್ಟೆ ತುಂಬ ತಿಂಡಿ.
• ಮುದ್ದೆ, ಅನ್ನ ಶತ್ರುವಲ್ಲ. ಓಡುವ ಕಾಲಿಗೆ ಅದೇ ಸೌದೆ. ರಾಗಿಯಲ್ಲಿ ಮೂಳೆಗೆ ಬೇಕಾದ ಸುಣ್ಣದ ಅಂಶವೂ ಇದೆ.
• ದಿನಾ ಕಾಳು ಇರಲಿ: ಹುರುಳಿ, ಅಲಸಂದೆ, ಕಡಲೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಸುಮಾರು 7 ಗ್ರಾಂ ಪ್ರೋಟೀನ್ ಸಿಗುತ್ತದೆ. ಡಬ್ಬಿಯ ಪ್ರೋಟೀನ್ ಪುಡಿಗೆ ದುಡ್ಡು ಸುರಿಯಬೇಡಿ. ಮೈ ಬೆಳೆಸಲು ಅವುಗಳ ಮೊರೆ ಹೋಗಬೇಡಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯೇ 2024ರ ಮಾರ್ಗಸೂಚಿಯಲ್ಲಿ ಹೇಳಿದೆ.
• ಸೊಪ್ಪಿನ ಜೊತೆ ನಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣದ ಅಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಟೀ, ಕಾಫಿ ಅದನ್ನು ತಡೆಯುತ್ತವೆ. ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಇರಲಿ.
• ಹಬ್ಬದ ಹೋಳಿಗೆಯನ್ನು ಎಲ್ಲರ ಜೊತೆ ಕೂತು ಸಂತೋಷವಾಗಿ ತಿನ್ನಿ.

ಮನೆಯವರು ಗಮನಿಸಬೇಕಾದ್ದು

ಮನೆಯವರ ಜೊತೆ ಊಟಕ್ಕೆ ಕೂರದಿರುವುದು, ತಿಂದ ತಕ್ಷಣ ಬಚ್ಚಲಿಗೆ ಹೋಗಿ ವಾಂತಿ ಮಾಡುವುದು, ಭೇದಿ ಮಾತ್ರೆ ನುಂಗುವುದು, ದಿನಕ್ಕೆ ಹತ್ತು ಸಲ ತೂಕ ನೋಡುವುದು, ಮೂರು ತಿಂಗಳು ಮುಟ್ಟು ನಿಲ್ಲುವುದು – ಇವು ಕಂಡರೆ ಗದರಬೇಡಿ, ವೈದ್ಯರ ಬಳಿ ಕರೆದುಕೊಂಡು ಹೋಗಿ. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಸರ್ಕಾರದ ಟೆಲಿ ಮಾನಸ್ ಉಚಿತ ದೂರವಾಣಿ 14416 ಇದೆ. "ದಪ್ಪ ಆಗಿದ್ದೀಯ", "ಕಡ್ಡಿ ಆಗಿದ್ದೀಯ" ಎಂಬ ಮಾತು ತಮಾಷೆಗೂ ಬೇಡ.

ಆ ಹುಡುಗಿ ಕಬ್ಬಿಣದ ಮಾತ್ರೆ ತೆಗೆದುಕೊಂಡಳು, ಮೂರು ಹೊತ್ತು ಊಟ ಮಾಡಿದಳು. ಮುಟ್ಟು ಮರಳಲು ಐದು ತಿಂಗಳು ಹಿಡಿಯಿತು. ಆ ಸಲದ ಭರ್ತಿ ಕೈತಪ್ಪಿತು. ಈಗ ಮತ್ತೆ ಓಡುತ್ತಿದ್ದಾಳೆ. ಬೆಳಗ್ಗೆ ಐದಕ್ಕೆ ಅವಳ ತಾಯಿಯೂ ಎದ್ದು, ಬಾಳೆಹಣ್ಣು ಹಿಡಿದುಕೊಂಡು ಮೈದಾನದ ತನಕ ಹೋಗುತ್ತಾರೆ.

ಚರ್ಚೆಗೆ

1. ನಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಅವರ ತಟ್ಟೆಯಲ್ಲಿ ಏನು ಉಳಿದಿರುತ್ತದೆ?
2. ನಮ್ಮ ಹೆಣ್ಣುಮಕ್ಕಳ ಮೈಯ ಬಗ್ಗೆ ನಾವು ಆಡಿದ ಯಾವ ಮಾತನ್ನು ವಾಪಸ್ ಪಡೆಯಬೇಕು?
3. ಸಂಘದ ಎಲ್ಲ ಸದಸ್ಯೆಯರು, ಅವರ ಹೆಣ್ಣುಮಕ್ಕಳು ಈ ತಿಂಗಳು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲು ಯಾವ ದಿನ ಹೋಗೋಣ? ದಿನಾಂಕವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.